ಮೂರು ನಾಲ್ಕು ಸೊನ್ನೆ

ನಮ್ಮ ಮನೆಯಲ್ಲಿ ಇಬ್ಬರು ಕಂಟ್ರೋಲರುಗಳು. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಸಂಚಾರ ನಿಯಂತ್ರಕರಾಗಿದ್ದವರು. ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಕುಳಿತು ‘ಧರ್ಮಸ್ಥಳಕ್ಕೆ ಹೋಗುವ ವೇಗದೂತ ಬಸ್ಸು ಅಂಕಣ ಸಂಖ್ಯೆ ನಾಲ್ಕರಲ್ಲಿ ನಿಂತಿದೆ’ ಎಂದು ಮೈಕಿನಲ್ಲಿ ಹೇಳುತ್ತಲೇ ಮೂವತ್ತು ವರ್ಷ ಕಳೆದು ನಿವೃತ್ತರಾದರು. ನಾನು ವಿಮಾನಗಳ ಸಂಚಾರ ನಿಯಂತ್ರಕಿ. ಊರಿನಲ್ಲಿ ಯಾರಾದರೂ ಕೇಳಿದರೆ ‘ಅಪ್ಪನದೇ ಕೆಲಸ, ಸ್ವಲ್ಪ ಎತ್ತರದಲ್ಲಿ’ ಎಂದು ಮುಗಿಸುತ್ತೇನೆ. ಗೋಪುರದ ಮೇಲೆ ನಿಂತು ವಿಮಾನಗಳನ್ನು ಹತ್ತಿಸಿ ಇಳಿಸುವವಳೆಂದು ಅವರು ತಿಳಿದುಕೊಳ್ಳುತ್ತಾರೆ. ನಿಜವೆಂದರೆ ನಮ್ಮದು ಕಿಟಕಿಯೇ ಇಲ್ಲದ, ಮಬ್ಬುಗತ್ತಲೆಯ, ಬೇಸಿಗೆಯಲ್ಲೂ ಶಾಲು ಹೊದೆಯಬೇಕಾದಷ್ಟು ತಣ್ಣಗಿರುವ ಹಾಲ್. ಡ್ಯೂಟಿಯಲ್ಲಿದ್ದಾಗ ವಿಮಾನವನ್ನು ಕಣ್ಣಾರೆ ಕಂಡು ನನಗೆ ಆರು ವರ್ಷವಾಯಿತು. ಕಾಣುವುದು ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ಮೂರು ಸಾಲಿನ ಲೇಬಲ್.

ಅಂಥ ಎರಡು ಚುಕ್ಕೆಗಳು ಒಂದು ರಾತ್ರಿ ಬರಬಾರದಷ್ಟು ಹತ್ತಿರ ಬಂದವು. ಆಗ ನನ್ನನ್ನು ಸೀಟಿನಿಂದ ಎಬ್ಬಿಸಿದರು. ಮತ್ತೆ ಅದೇ ಸೀಟಿನಲ್ಲಿ ಕೂರುವ ಹೊತ್ತಿಗೆ ನಲವತ್ತೊಂದು ದಿನಗಳಾಗಿದ್ದವು. ಶಬರಿಮಲೆಗೆ ಮಾಲೆ ಹಾಕಿದವರ ವ್ರತದಷ್ಟೇ ಅವಧಿ. ಈ ದಿನಗಳಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ನಮ್ಮವರು ಹೊರಗೆ ಹೇಳಿಕೊಳ್ಳುವುದು ಕಡಿಮೆ. ಹೇಳಿಕೊಳ್ಳುವಂಥ ಪರಾಕ್ರಮವೂ ಅದರಲ್ಲಿಲ್ಲ. ಕೇಂದ್ರ ಯಾವುದು, ಕಂಪನಿಗಳು ಯಾವುವು ಎಂಬುದು ಇಲ್ಲಿ ಬೇಡ. ಒಂದು ವಿಮಾನವನ್ನು ದೊಡ್ಡದು ಎನ್ನುತ್ತೇನೆ: ಪೂರ್ವದ ದೇಶದಿಂದ ಹೊರಟು ನಮ್ಮ ನೆತ್ತಿಯ ಮೇಲೆ ಹಾದು ಗಲ್ಫ್ ಕಡೆಗೆ ಹೋಗುವಂಥದ್ದು. ಇನ್ನೊಂದು ಚಿಕ್ಕದು: ಉತ್ತರದಿಂದ ದಕ್ಷಿಣಕ್ಕೆ ಬರುತ್ತಿದ್ದ ದೇಶೀಯ ವಿಮಾನ.

ಮೊದಲು ಲೆಕ್ಕ. ನಮ್ಮ ಸೆಕ್ಟರಿನಲ್ಲಿ, ಅಂದರೆ ನಮ್ಮ ಪಾಲಿಗೆ ಬಿಟ್ಟ ಆಕಾಶದ ತುಂಡಿನಲ್ಲಿ, ಎರಡು ವಿಮಾನಗಳ ನಡುವೆ ಅಡ್ಡಲಾಗಿ ಐದು ನಾಟಿಕಲ್ ಮೈಲಿ ಇರಬೇಕು, ಇಲ್ಲವೇ ಎತ್ತರದಲ್ಲಿ 1,000 ಅಡಿ ಇರಬೇಕು. ಎರಡರಲ್ಲಿ ಒಂದಿದ್ದರೆ ಸಾಕು. ಎರಡೂ ಇಲ್ಲದಿದ್ದರೆ ನನ್ನ ಕಥೆ ಶುರು. 29,000 ಅಡಿಗಿಂತ ಮೇಲೆ ಹಿಂದೆ 2,000 ಅಡಿ ಬಿಡಬೇಕಿತ್ತು. 2003ರ ನವೆಂಬರಿನಲ್ಲಿ ನಮ್ಮ ದೇಶದಲ್ಲಿ ಅದನ್ನು 41,000 ಅಡಿಯವರೆಗೆ ಅರ್ಧಕ್ಕೆ ಇಳಿಸಿದರು. ಪಶ್ಚಿಮದ ಕಡೆ ಮುಖ ಮಾಡಿದವರಿಗೆ ಸಮಸಂಖ್ಯೆಯ ಮಟ್ಟಗಳು: 320, 340, 360. ಇವನ್ನು ನೂರರಿಂದ ಗುಣಿಸಿಕೊಂಡರೆ 32,000, 34,000, 36,000 ಅಡಿ. ದಕ್ಷಿಣಕ್ಕೆ ತುಸು ಪಶ್ಚಿಮವಾಗಿ ಹೋಗುವವರಿಗೂ ಇವೇ ಮಟ್ಟಗಳು. ಹಾಗಾಗಿ ನನ್ನ ದೊಡ್ಡದೂ ಚಿಕ್ಕದೂ ಒಂದೇ ಏಣಿಯ ಮೆಟ್ಟಿಲುಗಳನ್ನು ಹಂಚಿಕೊಂಡಿದ್ದವು.

ಒಂದು ಸೆಕ್ಟರಿಗೆ ನಾವು ಇಬ್ಬರು ಕೂರುತ್ತೇವೆ. ಒಬ್ಬರು ರೇಡಾರ್ ಕಂಟ್ರೋಲರ್, ಪೈಲಟ್‌ಗಳ ಜೊತೆ ಮಾತನಾಡುವವರು. ಪಕ್ಕದಲ್ಲಿ ಪ್ಲ್ಯಾನರ್: ಅಕ್ಕಪಕ್ಕದ ಸೆಕ್ಟರುಗಳ ಜೊತೆ ಹಾಟ್‌ಲೈನಿನಲ್ಲಿ ಮಾತನಾಡಿ, ಯಾರು ಯಾವ ಮಟ್ಟದಲ್ಲಿ ಎಷ್ಟು ಹೊತ್ತಿಗೆ ನಮ್ಮ ಗಡಿ ದಾಟುತ್ತಾರೆ ಎಂಬುದನ್ನು ಮೊದಲೇ ಕುದುರಿಸಿ ಇಡುವವರು. ಪೈಲಟ್‌ಗಳಿಗೆ ಈ ಎರಡನೆಯ ವ್ಯಕ್ತಿಯ ದನಿ ಕೇಳಿಸುವುದೇ ಇಲ್ಲ. ಮದುವೆ ಮನೆಯಲ್ಲಿ ಬಡಿಸುವವರು ಕಾಣುತ್ತಾರೆ. ಒಳಗೆ ಎಷ್ಟು ಪಂಕ್ತಿಗೆ ಎಷ್ಟು ಅನ್ನ ಎಂದು ಲೆಕ್ಕ ಇಟ್ಟವರು ಕಾಣುವುದಿಲ್ಲ, ಹಾಗೆ.

ಆ ರಾತ್ರಿ ನಾನು ಅರ್ಧ ಗಂಟೆಯ ಬಿಡುವು ಮುಗಿಸಿ ಬಂದಾಗ 2 ಗಂಟೆ 31 ನಿಮಿಷ. ನಮ್ಮ ಕಾಗದಗಳಲ್ಲಿ ಅದು 21:01, ಯಾಕೆಂದರೆ ವಿಮಾನಲೋಕ ನಡೆಯುವುದು ಗ್ರೀನ್‌ವಿಚ್ ಸಮಯದಲ್ಲಿ. ಸೀಟು ಬಿಡುವವನು ನನ್ನ ಬ್ಯಾಚಿನವನೇ. ಎದ್ದೇಳುವ ಮುನ್ನ ಒಂದೊಂದೇ ಸ್ಟ್ರಿಪ್, ಅಂದರೆ ಪ್ರತಿ ವಿಮಾನದ ವಿವರವಿರುವ ಪಟ್ಟಿ, ತೋರಿಸಿ ಹೇಳುತ್ತ ಬಂದ: ಇವನು ಇಲ್ಲಿ, ಅವನು ಅಲ್ಲಿ, ದೊಡ್ಡದು ಇನ್ನೂ ಪಕ್ಕದ ಸೆಕ್ಟರಿನಲ್ಲಿದೆ, 340ರಲ್ಲಿ ಬರುತ್ತದೆ. ನಾನು ತಲೆಯಾಡಿಸುತ್ತ, ಹೆಡ್‌ಸೆಟ್ಟಿನ ಪಿನ್ ಸಿಕ್ಕಿಸುತ್ತ, ಕುರ್ಚಿಯ ಎತ್ತರ ಸರಿಮಾಡಿಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ ಪ್ಲ್ಯಾನರ್ ಸೀಟಿನ ಹಾಟ್‌ಲೈನ್ ಮಿನುಗಿತು. ಅಲ್ಲಿದ್ದವರು ನನಗಿಂತ ಎಂಟು ವರ್ಷ ಹಿರಿಯರು, ಕೇರಳದವರು. ಫೋನೆತ್ತಿ ಏನೋ ಕೇಳಿಸಿಕೊಂಡು, ಸರಿ ಎಂದು ಹೇಳಿ ಇಟ್ಟರು. ನಮ್ಮ ಕಡೆ ತಿರುಗಿ ಒಂದು ಮಾತು ಹೇಳಿದರು. ನನ್ನ ಸ್ನೇಹಿತ ಹೆಬ್ಬೆರಳು ಎತ್ತಿದ. ನಾನು ಕುಳಿತೆ.

ಐದು ನಿಮಿಷದ ಮೇಲೆ ಚಿಕ್ಕದು ಕರೆಯಿತು. 320ರಲ್ಲಿ ಕುಲುಕಾಟ ಹೆಚ್ಚು, 360 ಕೊಡುತ್ತೀರಾ ಎಂದಿತು. ನೋಡಿದೆ. ಎದುರಿಗೆ ಅಡ್ಡ ಬರುವುದು ದೊಡ್ಡದೊಂದೇ, ಅದೂ 340ರಲ್ಲಿ. ಎರಡೂ ದಾರಿ ಕೂಡುವ ಜಾಗ ಇನ್ನೂ ಎಪ್ಪತ್ತು ಮೈಲಿ ದೂರ. ಅಷ್ಟರಲ್ಲಿ ಚಿಕ್ಕದು 340ನ್ನು ದಾಟಿ ಆರಾಮವಾಗಿ ಮೇಲೆ ಹೋಗಿರುತ್ತದೆ. ಏರು ಎಂದೆ. ಏರಿತು.

2:41ಕ್ಕೆ ದೊಡ್ಡದು ನನ್ನ ರೇಡಿಯೋ ತರಂಗಕ್ಕೆ ಬಂತು. ನಮಸ್ಕಾರ ಹೇಳಿ ತನ್ನ ಮಟ್ಟ ಹೇಳಿತು. ಗುರುತಿಸಿದ್ದೇನೆ ಎಂದು ನಾನು ಉತ್ತರಿಸಿದೆ. 2:43ಕ್ಕೆ ಪರದೆಯ ಮೇಲೆ ಎರಡೂ ಲೇಬಲ್‌ಗಳು ಕೆಂಪಗೆ ಮಿನುಗತೊಡಗಿದವು.

ಮುಂದಿನ ಒಂದೂವರೆ ನಿಮಿಷವನ್ನು ಯಾರಾದರೂ ಕೇಳಿದರೆ ನಾನು ತಕ್ಷಣ ಎಚ್ಚೆತ್ತೆ ಎಂದು ಹೇಳುವ ಆಸೆಯಾಗುತ್ತದೆ. ಎಚ್ಚೆತ್ತುಕೊಳ್ಳಲಿಲ್ಲ. ಆ ರಾತ್ರಿ ಅದೇ ಎಚ್ಚರಿಕೆ ಅದಾಗಲೇ ಹಲವು ಸಲ ಸುಮ್ಮಸುಮ್ಮನೆ ಕೂಗಿತ್ತು. ಸಾವಿರ ಅಡಿ ಅಂತರವಿದ್ದು ಏರುತ್ತಿಳಿಯುತ್ತಿದ್ದವರನ್ನು ಕಂಡರೆ ಅದಕ್ಕೆ ಗಾಬರಿ. ಇದೂ ಅಂಥದ್ದೇ ಎಂದುಕೊಂಡೆ. ಒಂದು 340, ಒಂದು 360, ನಡುವೆ ಎರಡು ಸಾವಿರ ಅಡಿ, ಇದಕ್ಕೇನು ರೋಗ ಎಂದು ಮನಸ್ಸಿನಲ್ಲಿ ಬೈದೆ ಕೂಡ. ಆಮೇಲೆ ಕಣ್ಣು ಲೇಬಲ್‌ನ ಎರಡನೆಯ ಸಾಲಿಗೆ ಹೋಯಿತು. 360. ಇನ್ನೊಂದರದೂ 360.

ಬಾಯಿ ತೆರೆಯುವಷ್ಟರಲ್ಲಿ ಮೂರನೆಯ ಯಾವನೋ ಪೈಲಟ್ ಮುಂದಿನ ಹವಾಮಾನ ಕೇಳಲು ಶುರುಮಾಡಿದ. ತರಂಗ ಒಂದೇ, ಒಬ್ಬರು ಮಾತನಾಡುವಾಗ ಇನ್ನೊಬ್ಬರು ನುಗ್ಗಿದರೆ ಇಬ್ಬರದೂ ಕೀರಲು ಸದ್ದಾಗುತ್ತದೆ. ಆತ ನಿಲ್ಲಿಸುವವರೆಗೆ ಕಾದೆ. ಟೇಪಿನ ಪ್ರಕಾರ ಆರು ಸೆಕೆಂಡು. ಆಮೇಲೆ ದೊಡ್ಡದಕ್ಕೆ ತಕ್ಷಣ ಬಲಕ್ಕೆ ತಿರುಗಲು ಹೇಳಿದೆ, ಚಿಕ್ಕದರ ಬೆನ್ನ ಹಿಂದೆ ಹಾಯಲಿ ಎಂದು. ಅದು ಒಪ್ಪಿಕೊಂಡ ಕೂಡಲೇ ಚಿಕ್ಕದನ್ನು ಕೆಳಗಿಳಿಸಲು ಗುಂಡಿ ಒತ್ತಿದೆ. ಒತ್ತಿದ್ದು ತಡವಾಯಿತು. ಚಿಕ್ಕದರ ಪೈಲಟ್ ನನಗಿಂತ ಮೊದಲು ಮಾತನಾಡಿದ: ‘ಟಿಕ್ಯಾಸ್ ಆರ್.ಎ.’

ಈ ಮೂರು ಮಾತು ಕೇಳಿದ ಕ್ಷಣ ನಿಯಂತ್ರಕರು ಬಾಯಿ ಮುಚ್ಚಬೇಕು. ಟಿಕ್ಯಾಸ್ ಎಂಬುದು ವಿಮಾನದೊಳಗಿನ ಯಂತ್ರ. ಸುತ್ತಲಿನ ವಿಮಾನಗಳ ಯಂತ್ರಗಳ ಜೊತೆ ತಾನೇ ಮಾತನಾಡಿ, ಡಿಕ್ಕಿಯಾಗುವ ಸೂಚನೆ ಕಂಡರೆ ಒಬ್ಬನಿಗೆ ಏರು ಎಂದೂ ಇನ್ನೊಬ್ಬನಿಗೆ ಇಳಿ ಎಂದೂ ಹೇಳುತ್ತದೆ. ಆ ಆಜ್ಞೆಯೇ ಆರ್.ಎ. ಹಾಗೆ ಹೇಳುವುದು ಡಿಕ್ಕಿ ಘಟಿಸಲು ಅರ್ಧ ನಿಮಿಷವೋ ಅದಕ್ಕಿಂತ ಕಡಿಮೆಯೋ ಉಳಿದಿರುವಾಗ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿಯ ಮೇಲೆ ಸೌದಿಯ ಜಂಬೋ ಜೆಟ್ಟಿಗೂ ಕಜಾಕಸ್ತಾನದ ಇಲ್ಯೂಶಿನ್‌ಗೂ ಡಿಕ್ಕಿಯಾಗಿ 349 ಜನ ಸತ್ತ ಮೇಲೆ ನಮ್ಮ ದೇಶದಲ್ಲಿ ಈ ಯಂತ್ರವನ್ನು ಕಡ್ಡಾಯ ಮಾಡಿದರು. ಆದರೆ ಯಂತ್ರ ಒಂದು ಹೇಳಿ ಮನುಷ್ಯ ಇನ್ನೊಂದು ಹೇಳಿದರೆ? 2002ರ ಜುಲೈ 1ರ ರಾತ್ರಿ ಜರ್ಮನಿಯ ಊಬರ್‌ಲಿಂಗನ್ ಮೇಲೆ ಆದದ್ದು ಅದೇ. ರಷ್ಯಾದ ಟುಪೊಲೆವ್‌ಗೆ ಯಂತ್ರ ಏರು ಎಂದಿತು, ಜ್ಯೂರಿಕ್‌ನಲ್ಲಿ ಒಬ್ಬನೇ ಎರಡು ಪರದೆ ನೋಡಿಕೊಳ್ಳುತ್ತಿದ್ದ ನಿಯಂತ್ರಕ ಇಳಿ ಎಂದ. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಎದುರಿನ ಸರಕು ವಿಮಾನ ತನ್ನ ಯಂತ್ರದ ಮಾತು ಕೇಳಿ ಇಳಿಯುತ್ತಲೇ ಇತ್ತು. 71 ಜನ, ಹೆಚ್ಚಿನವರು ಮಕ್ಕಳು. ಅದರಲ್ಲಿ ಹೆಂಡತಿ ಮಕ್ಕಳನ್ನು ಕಳೆದುಕೊಂಡ ಒಬ್ಬ ತಂದೆ ಎರಡು ವರ್ಷದೊಳಗೆ ಆ ನಿಯಂತ್ರಕನನ್ನು ಅವನ ಮನೆಯ ಬಾಗಿಲಲ್ಲೇ ಕೊಂದ. ಅಲ್ಲಿಂದಾಚೆಗೆ ಯಂತ್ರದ ಮಾತೇ ಮೇಲು ಎಂಬುದು ಎಲ್ಲ ಕಡೆ ಗಟ್ಟಿಯಾಯಿತು.

ನಾನು ‘ರೋಜರ್’ ಎಂದಷ್ಟೇ ಹೇಳಿದೆ. ಆಮೇಲೆ ಗೊತ್ತಾಯಿತು: ಚಿಕ್ಕದಕ್ಕೆ ಯಂತ್ರ ಹೇಳಿದ್ದು ಏರು ಎಂದು. ನಾನು ಇಳಿ ಎನ್ನಲು ಹೊರಟಿದ್ದೆ. ಪೈಲಟ್ ಒಂದು ಸೆಕೆಂಡು ತಡವಾಗಿ ಗುಂಡಿ ಒತ್ತಿದ್ದರೆ ನನ್ನ ಮಾತೇ ಮೊದಲು ಹೋಗುತ್ತಿತ್ತು. ಈ ವಾಕ್ಯವನ್ನು ಇಲ್ಲಿ ಬರೆಯುವುದಕ್ಕೆ ನನಗೆ ಬಹಳ ದಿನ ಬೇಕಾಯಿತು.

ಇಬ್ಬರೂ ಅಪಾಯ ಕಳೆಯಿತೆಂದು ಹೇಳಿದರು. ಅತಿ ಹತ್ತಿರ ಬಂದಾಗ 2.9 ನಾಟಿಕಲ್ ಮೈಲಿ ಮತ್ತು 600 ಅಡಿ. ನಮ್ಮ ಪತ್ರಿಕೆಗಳಾದರೆ ‘ಕೂದಲೆಳೆ ಅಂತರದಲ್ಲಿ ತಪ್ಪಿದ ಅನಾಹುತ’ ಎಂದು ಬರೆಯುತ್ತಿದ್ದವು. ನನ್ನ ಭಾವನಿಗೆ ಹೇಳಿದರೆ ‘ಐದು ಕಿಲೋಮೀಟರಿಗಿಂತ ಜಾಸ್ತಿ ಆಯಿತಲ್ಲಮ್ಮ, ನಮ್ಮ ತೋಟದಿಂದ ಪೇಟೆಗೇ ಅಷ್ಟಿಲ್ಲ’ ಎಂದರು. ಇಬ್ಬರ ಮಾತೂ ಸರಿಯಲ್ಲ. ಆ ಎತ್ತರದಲ್ಲಿ ಒಂದು ವಿಮಾನ ನಿಮಿಷಕ್ಕೆ ಸುಮಾರು ಎಂಟು ಮೈಲಿ ಹೋಗುತ್ತದೆ. ಭಾವನ ತೋಟದಿಂದ ಪೇಟೆಯ ದೂರ ಅಲ್ಲಿ ಇಪ್ಪತ್ತು ಸೆಕೆಂಡು.

ಮೇಲ್ವಿಚಾರಕರು ಬಂದು ಹಿಂದೆ ನಿಂತಿದ್ದರು. ಬೈಯಲಿಲ್ಲ. ‘ಎದ್ದೇಳಮ್ಮ, ಇವನು ಕೂರುತ್ತಾನೆ’ ಎಂದರು ಇಂಗ್ಲಿಷಿನಲ್ಲಿ, ‘ಅಮ್ಮ’ ಎಂಬುದನ್ನು ಮಾತ್ರ ನಮ್ಮ ಕಡೆಯ ಧಾಟಿಯಲ್ಲಿ. ನನ್ನ ಕೈ ನಡುಗುತ್ತಿರಲಿಲ್ಲ. ಹೆಡ್‌ಸೆಟ್ಟಿನ ಪಿನ್ ಎಳೆಯಲು ಮೂರು ಸಲ ಪ್ರಯತ್ನಿಸಬೇಕಾಯಿತು, ಅಷ್ಟೇ. ಪ್ಲ್ಯಾನರ್ ಸರ್ ಕೂಡ ಎದ್ದರು. ಹೊಸಬರಿಬ್ಬರು ಕುಳಿತರು. ಯಾವ ಪೈಲಟ್ಟಿಗೂ ವ್ಯತ್ಯಾಸ ತಿಳಿದಿರಲಾರದು, ದನಿ ಬದಲಾಯಿತು ಎಂಬುದನ್ನು ಬಿಟ್ಟರೆ.

ಮುಂದಿನದು ಕಾಗದ. ಮೊದಲು ಉಸಿರು ಪರೀಕ್ಷೆ, ಕುಡಿದಿಲ್ಲ ಎಂದು. ಆಮೇಲೆ ವಿಶ್ರಾಂತಿ ಕೋಣೆಯಲ್ಲಿ ಕೂರಿಸಿ, ಪಾಳಿ ಮುಗಿಯುವ ಮುನ್ನ ಕೈಬರಹದಲ್ಲಿ ಹೇಳಿಕೆ. ಧ್ವನಿಮುದ್ರಣವನ್ನೂ ರೇಡಾರ್ ದಾಖಲೆಯನ್ನೂ ಆಗಲೇ ಮೊಹರು ಮಾಡಿದ್ದರಿಂದ ನೆನಪಿನಿಂದಲೇ ಬರೆಯಬೇಕು. ನಾನು ಬರೆದೆ: ‘ವಿಮಾನವು 340ರಲ್ಲಿರುವುದಾಗಿ ವರದಿ ಮಾಡಿತು.’ ಸಂಶಯವೇ ಇರಲಿಲ್ಲ. ಕಿವಿಯಲ್ಲಿ ಇನ್ನೂ ಆ ದನಿ ಇತ್ತು, ಮೂರು ನಾಲ್ಕು ಸೊನ್ನೆ. ಸಹಿ ಹಾಕಿದೆ, ಸಮಯ ಬರೆದೆ. ಪೈಲಟ್ 340 ಎಂದು ಹೇಳಿ 360ಕ್ಕೆ ಹೋಗಿದ್ದಾನೆ, ತಪ್ಪು ಅವನದು ಎಂಬ ನಂಬಿಕೆಯಲ್ಲಿ ಬೆಳಗ್ಗೆ ಮನೆಗೆ ಹೋಗಿ ಮಲಗಿದೆ. ನಿದ್ದೆಯೂ ಬಂತು.

ಮಾರನೆಯ ದಿನ ಪಾಳಿಯ ಪಟ್ಟಿಯಲ್ಲಿ ನಮ್ಮ ಇಬ್ಬರ ಹೆಸರಿಗೂ ಗೆರೆ ಎಳೆದಿತ್ತು. ವಿಚಾರಣೆ ಮುಗಿಯುವವರೆಗೆ ಚಾನೆಲ್ ಇಲ್ಲ, ಹಗಲು ಪಾಳಿಯಲ್ಲಿ ಕಚೇರಿ ಕೆಲಸ. ಇದು ಶಿಕ್ಷೆಯಲ್ಲ ಎಂದು ಆದೇಶದಲ್ಲೇ ಇತ್ತು. ಅಂತರರಾಷ್ಟ್ರೀಯ ನಿಯಮದ ಪ್ರಕಾರವೂ ಇಂಥ ತನಿಖೆಯ ಉದ್ದೇಶ ಮುಂದೆ ಹೀಗಾಗದಂತೆ ತಡೆಯುವುದೇ ಹೊರತು ಯಾರನ್ನೋ ದೂರುವುದಲ್ಲ. ಕಾಗದದ ಮೇಲೆ ಇದು ಚೆನ್ನಾಗಿದೆ. ಕಾರಿಡಾರಿನಲ್ಲಿ ಬೇರೆ. ಎದುರಾದವರು ‘ಊಟ ಆಯಿತಾ’ ಎಂದು ಅತಿಯಾದ ಮೆತ್ತನೆಯ ದನಿಯಲ್ಲಿ ಕೇಳುತ್ತಿದ್ದರು, ಸೂತಕದ ಮನೆಯವರನ್ನು ಮಾತನಾಡಿಸುವ ಹಾಗೆ. ನಾನು ಕೋಣೆಯೊಳಗೆ ಬಂದರೆ ಮಾತು ಕ್ರಿಕೆಟ್ಟಿಗೆ ತಿರುಗುತ್ತಿತ್ತು. ನನಗೆ ಕೊಟ್ಟ ಕೆಲಸ ಹಳೆಯ ಸುತ್ತೋಲೆಗಳನ್ನು ಇಸವಿಯ ಪ್ರಕಾರ ಜೋಡಿಸುವುದು.

ಆರನೆಯ ದಿನ ಟೇಪು ಕೇಳಿಸಿದರು. ಚಿಕ್ಕ ಕೋಣೆ, ಒಂದು ಕಂಪ್ಯೂಟರು, ಎರಡು ಸ್ಪೀಕರು. ತನಿಖೆಯವರು ಮೂವರು. ಒಂದು ಬದಿಯಲ್ಲಿ ರೇಡಾರ್ ಚಿತ್ರ ಓಡುತ್ತದೆ, ಅದಕ್ಕೆ ಸರಿಯಾಗಿ ಧ್ವನಿ. ನನ್ನ ದನಿ ನನಗೆ ಯಾವಾಗಲೂ ಇಷ್ಟವಿಲ್ಲ. ಅಲ್ಲಿ ಅದು ಬೇಸರದಲ್ಲಿದ್ದ ಬ್ಯಾಂಕಿನ ಗುಮಾಸ್ತೆಯ ದನಿಯ ಹಾಗಿತ್ತು. 21:11 ಬಂತು. ದೊಡ್ಡ ವಿಮಾನದ ಪೈಲಟ್, ವಯಸ್ಸಾದವನಿರಬೇಕು, ನಿಧಾನವಾಗಿ, ಒಂದೊಂದು ಅಂಕಿಯನ್ನೂ ಬಿಡಿಸಿ ಹೇಳಿದ.

ಮೂರು ಆರು ಸೊನ್ನೆ.

ಇನ್ನೊಮ್ಮೆ ಹಾಕಿ ಎಂದೆ. ಹಾಕಿದರು. ಮೂರು ಆರು ಸೊನ್ನೆ. ಹೆಡ್‌ಫೋನ್ ಕೇಳಿದೆ, ಅದನ್ನೂ ಕೊಟ್ಟರು. ಕರಕರ ಸದ್ದಿಲ್ಲ, ಉಚ್ಚಾರದ ದೋಷವಿಲ್ಲ. ಬಿಡಿಸಿಟ್ಟ ಹಲಸಿನ ತೊಳೆಯಷ್ಟು ಸ್ಪಷ್ಟ. ಕೋಣೆಯಲ್ಲಿ ಯಾರೂ ಏನೂ ಹೇಳಲಿಲ್ಲ. ನನ್ನ ಕೈಬರಹದ ಹೇಳಿಕೆ ಮೇಜಿನ ಮೇಲಿತ್ತು.

ಸುಳ್ಳು ಬರೆದವಳ ಹಾಗೆ ಕೂತಿದ್ದೆ. ಮೂವರಲ್ಲಿ ಹಿರಿಯರು ನೀರಿನ ಲೋಟ ನನ್ನ ಕಡೆ ಸರಿಸಿ, ‘ಚಿತ್ರ ನೋಡಿ, ಟೇಪು ಬಿಡಿ’ ಎಂದರು. ಲೇಬಲ್‌ನಲ್ಲಿ ಎರಡು ಅಂಕಿಗಳಿರುತ್ತವೆ. ಒಂದು, ವಿಮಾನ ಈಗ ನಿಜವಾಗಿ ಇರುವ ಎತ್ತರ. ಅದು ವಿಮಾನದಿಂದಲೇ ಬರುತ್ತದೆ. ಇನ್ನೊಂದು, ಅದಕ್ಕೆ ಅನುಮತಿಸಿದ ಮಟ್ಟ. ಅದನ್ನು ನಿಯಂತ್ರಕರು ಕೈಯಾರೆ ತುಂಬುತ್ತಾರೆ. ದೊಡ್ಡದರ ಪಕ್ಕದಲ್ಲಿ ಮೊದಲನೆಯದು 360, ಎರಡನೆಯದು 340. ಪಕ್ಕದ ಸೆಕ್ಟರಿನವರು ಏರಲು ಹೇಳಿ, ಅಂಕಿ ಬದಲಿಸಲು ಮರೆತಿದ್ದರು. ಎರಡೂ ನನ್ನ ಕಣ್ಣೆದುರಿಗಿದ್ದವು. ನಾನು ಓದಿದ್ದು ನನಗೆ ಮೊದಲೇ ಗೊತ್ತಿದ್ದ ಅಂಕಿಯನ್ನು. ಕೇಳಿಸಿಕೊಂಡದ್ದೂ ಅದನ್ನೇ.

ಆಮೇಲೆ ಹಾಟ್‌ಲೈನಿನ ಟೇಪು. 21:02. ಪಕ್ಕದ ಸೆಕ್ಟರ್: ನಮ್ಮ ದೊಡ್ಡವನ ಹಿಂದೆ ಅದೇ ಮಟ್ಟದಲ್ಲಿ ವೇಗದವನೊಬ್ಬ ಬರುತ್ತಿದ್ದಾನೆ, ದೊಡ್ಡವನನ್ನು 360ಕ್ಕೆ ಏರಿಸಿ ಕೊಡಲೇ? ಪ್ಲ್ಯಾನರ್ ಸರ್: ಕೊಡಿ. ಆ ಹೊತ್ತಿನಲ್ಲಿ 360 ಖಾಲಿ ಇತ್ತು, ಅವರ ಉತ್ತರದಲ್ಲಿ ತಪ್ಪಿಲ್ಲ. ಆಮೇಲೆ ನಮ್ಮ ಸೀಟಿನ ಸುತ್ತಲಿನ ಸದ್ದು ಹಿಡಿಯುವ ಮೈಕಿನಲ್ಲಿ ಅವರದೇ ದನಿ, ತುಸು ದೂರದಿಂದ: ದೊಡ್ಡದು 360. ಅದೇ ಕ್ಷಣಕ್ಕೆ ನನ್ನ ಸ್ನೇಹಿತನ ದನಿ ಬೇರೆ ಯಾವುದೋ ವಿಮಾನದ ವೇಗ ಹೇಳುತ್ತಿತ್ತು. ಕುರ್ಚಿ ಕಿರುಗುಟ್ಟಿದ ಸದ್ದು ಕೂಡ ಕೇಳಿಸಿತು. ನನ್ನ ಕುರ್ಚಿ.

ಅವರು ಹೇಳಿದ್ದರು. ಸ್ನೇಹಿತ ಕೇಳಿಸಿಕೊಂಡಿದ್ದ, ಹೆಬ್ಬೆರಳು ಎತ್ತಿದ್ದ, ನನಗೂ ಕೇಳಿಸಿತು ಎಂದುಕೊಂಡ. ನಾನು ಆ ಹೆಬ್ಬೆರಳನ್ನು ‘ಸೀಟು ನಿನ್ನದು’ ಎಂದು ಅರ್ಥಮಾಡಿಕೊಂಡೆ. ಸ್ಟ್ರಿಪ್ ತಿದ್ದುವುದನ್ನು ಮೂವರಲ್ಲಿ ಒಬ್ಬರು ಇನ್ನೊಬ್ಬರಿಗೆ ಬಿಟ್ಟರು.

ಸಂಜೆ ಕ್ಯಾಂಟೀನಿನಲ್ಲಿ ಪ್ಲ್ಯಾನರ್ ಸರ್ ಸಿಕ್ಕಿದರು. ಆರು ದಿನ ನಾವು ಪರಸ್ಪರ ಮುಖ ತಪ್ಪಿಸಿಕೊಂಡು ಓಡಾಡಿದ್ದೆವು. ಅವರಿಗೆ ನಾನು ಮೋಸಗಾರ್ತಿ, ನನಗೆ ಅವರು ಬೇಜವಾಬ್ದಾರಿ. ‘ನಾನು ಹೇಳಿದ್ದೆ’ ಎಂದರು. ‘ಹೌದು ಸರ್, ಟೇಪಿನಲ್ಲಿ ಇದೆ. ನನಗೆ ಕೇಳಿಸಲಿಲ್ಲ’ ಎಂದೆ. ಸ್ವಲ್ಪ ಹೊತ್ತು ಬಿಟ್ಟು, ‘ಉತ್ತರ ಬರುವವರೆಗೆ ಕಾಯಬೇಕಿತ್ತು, ಕಾಯಲಿಲ್ಲ’ ಎಂದು ತಮ್ಮ ಪ್ಲೇಟಿನಲ್ಲಿದ್ದ ಬಾಳೆಕಾಯಿ ಬಜ್ಜಿಯನ್ನು ನನ್ನ ಕಡೆ ತಳ್ಳಿದರು. ಪೈಲಟ್‌ಗಳಿಂದ ನಾವು ಪ್ರತಿ ಮಾತಿಗೂ ಮರುನುಡಿ ಕೇಳುತ್ತೇವೆ. 360ಕ್ಕೆ ಏರು ಎಂದರೆ ಅವನು 360 ಎಂದು ತಿರುಗಿ ಹೇಳಲೇಬೇಕು, ಹೇಳದಿದ್ದರೆ ಬಿಡುವುದಿಲ್ಲ. ಎರಡಡಿ ದೂರದಲ್ಲಿ ಕುಳಿತ ಸಹೋದ್ಯೋಗಿಯಿಂದ ಮಾತ್ರ ಹೆಬ್ಬೆರಳು ಸಾಕು.

ಆ ದಿನಗಳಲ್ಲಿ ಕೈಯಲ್ಲಿ ಸಮಯವಿತ್ತು, ಹಳೆಯ ವರದಿಗಳನ್ನು ಓದಿದೆ. ಓದಬಾರದಿತ್ತೇನೋ. 1976ರ ಸೆಪ್ಟೆಂಬರ್ 10, ಆಗಿನ ಯುಗೊಸ್ಲಾವಿಯಾದ ಜಾಗ್ರೆಬ್. ಕೆಳಗಿನ ಸೆಕ್ಟರಿನಿಂದ ಒಂದು ವಿಮಾನ ಮೇಲಿನ ಸೆಕ್ಟರಿಗೆ ಏರುತ್ತಿದೆ. ಮೇಲಿನವರಿಗೆ ಸರಿಯಾಗಿ ತಿಳಿಸಿಲ್ಲ. ಪಾಳಿ ಬದಲಾಗುವ ಹೊತ್ತು, ಮೇಲಿನ ಸೆಕ್ಟರಿನಲ್ಲಿ ಯುವ ನಿಯಂತ್ರಕ ಒಬ್ಬನೇ. ಅಪಾಯ ಕಂಡಾಗ ಗಾಬರಿಯಲ್ಲಿ ಇಂಗ್ಲಿಷ್ ಬಿಟ್ಟು ತನ್ನ ಮಾತೃಭಾಷೆಯಲ್ಲಿ, ಈಗಿರುವ ಎತ್ತರದಲ್ಲೇ ನಿಲ್ಲು ಎಂದ. ಅದು ನಿಂತದ್ದು 33,000 ಅಡಿಯಲ್ಲಿ. ಲಂಡನ್ನಿನಿಂದ ಬರುತ್ತಿದ್ದ ಟ್ರೈಡೆಂಟ್ ಇದ್ದದ್ದೂ ಅಲ್ಲೇ. ಸುಮ್ಮನೆ ಏರಲು ಬಿಟ್ಟಿದ್ದರೆ ಬಹುಶಃ ದಾಟಿಹೋಗುತ್ತಿತ್ತು. 176 ಜನ ಸತ್ತರು. ಆ ನಿಯಂತ್ರಕನೊಬ್ಬನನ್ನೇ ಜೈಲಿಗೆ ಹಾಕಿದರು. ಬೇರೆ ದೇಶಗಳ ನಿಯಂತ್ರಕರೂ ಮನವಿ ಕೊಟ್ಟ ಮೇಲೆ ಶಿಕ್ಷೆ ಮುಗಿಯುವ ಮೊದಲೇ ಬಿಟ್ಟರು. ನನ್ನ ಕೆಲಸದ ಬಗ್ಗೆ ಕೇಳಿದ ಕಥೆಗಳಲ್ಲಿ ಇದರಷ್ಟು ನನ್ನನ್ನು ಹೆದರಿಸಿದ್ದು ಇನ್ನೊಂದಿಲ್ಲ. ಆ ಕೊನೆಯ ಕ್ಷಣದಲ್ಲಿ ನನ್ನ ಬಾಯಲ್ಲಿ ಯಾವ ಭಾಷೆ ಬರುತ್ತಿತ್ತು?

ನಮ್ಮದೇ ಊರಿನ ಉದಾಹರಣೆಯೂ ಇದೆ. 2022ರ ಜನವರಿ 7ರ ಬೆಳಗ್ಗೆ ಬೆಂಗಳೂರಿನಲ್ಲಿ ಎರಡು ರನ್‌ವೇಗಳಿಂದ ಎರಡು ವಿಮಾನಗಳು ಒಂದೇ ಹೊತ್ತಿಗೆ ಮೇಲೇರಿದವು, ಒಂದರ ಕಡೆಗೆ ಒಂದು ವಾಲುವ ದಾರಿಯಲ್ಲಿ. ಎರಡರಲ್ಲೂ ಸೇರಿ 426 ಜನ. ಒಂದೇ ರನ್‌ವೇ ಬಳಸೋಣ ಎಂದು ಪಾಳಿಯ ಮುಖ್ಯಸ್ಥರು ತೀರ್ಮಾನಿಸಿದ್ದರು. ಆ ತೀರ್ಮಾನ ದಕ್ಷಿಣ ಗೋಪುರದ ನಿಯಂತ್ರಕರಿಗೆ ತಲುಪಿರಲಿಲ್ಲ. ರೇಡಾರ್‌ನಲ್ಲಿ ಕುಳಿತವರು ಕಂಡು ಇಬ್ಬರನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿದ್ದರಿಂದ ಉಳಿಯಿತು. ವರದಿ ಓದಿದವರಿಗೆಲ್ಲ ಇಷ್ಟು ಸಣ್ಣ ವಿಷಯ ಹೇಗೆ ತಪ್ಪಿತು ಎಂದು ಆಶ್ಚರ್ಯ. ನನಗೆ ಆಶ್ಚರ್ಯವಾಗಲಿಲ್ಲ.

ಅಪ್ಪನಿಗೆ ಹತ್ತನೆಯ ದಿನ ಹೇಳಿದೆ. ಫೋನಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, ‘ಅಮಾನತ್ತೇ ಪುಟ್ಟಿ?’ ಎಂದರು. ಅಲ್ಲಪ್ಪ, ಸಂಬಳ ಬರುತ್ತದೆ ಎಂದೆ. ‘ಮೆಮೊ?’ ಇನ್ನೂ ಇಲ್ಲ. ‘ಹಾಗಾದರೆ ಏನು ಮಾಡುತ್ತಾರೆ?’ ಮತ್ತೆ ಕಲಿಸುತ್ತಾರೆ ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಅವರ ಕಾಲದಲ್ಲಿ ಒಮ್ಮೆ ಮಂಜು ಮುಸುಕಿದ ಬೆಳಗ್ಗೆ ನಿಲ್ದಾಣದ ಬಾಯಲ್ಲಿ ಒಳಬರುವ ಬಸ್ಸಿಗೂ ಹೊರಡುವ ಬಸ್ಸಿಗೂ ತಾಗಿ ಕನ್ನಡಿ ಒಡೆದದ್ದಕ್ಕೆ ಅಪ್ಪ ಮೂರು ಪುಟ ವಿವರಣೆ ಬರೆದಿದ್ದರಂತೆ. ‘ನಾನು ಮೈಕಿನಲ್ಲಿ ಹೇಳಿದ್ದೆ, ಅವನು ಎಂಜಿನ್ ಸದ್ದಿನಲ್ಲಿ ಕೇಳಿಸಲಿಲ್ಲ ಎಂದ. ಕೊನೆಗೂ ಅದು ತೀರ್ಮಾನ ಆಗಲಿಲ್ಲ’ ಎಂದರು. ಅಪ್ಪ ಈ ಕಥೆಯನ್ನು ಅದುವರೆಗೆ ಮನೆಯಲ್ಲಿ ಹೇಳಿರಲಿಲ್ಲ.

ವಿಚಾರಣೆಯಲ್ಲಿ ಕೇಳಿದ ಪ್ರಶ್ನೆಗಳು ನಾನು ನಿರೀಕ್ಷಿಸಿದಂತಿರಲಿಲ್ಲ. ಹಿಂದಿನ ಹಗಲು ಎಷ್ಟು ನಿದ್ದೆ ಮಾಡಿದಿರಿ, ರಾತ್ರಿ ಏನು ತಿಂದಿರಿ, ಕೆಂಪು ಎಚ್ಚರಿಕೆ ಆ ಪಾಳಿಯಲ್ಲಿ ಸುಳ್ಳಾಗಿ ಎಷ್ಟು ಸಲ ಬಂತು, ಅದನ್ನು ಯಾಕೆ ಬರೆದು ತಿಳಿಸಲಿಲ್ಲ. ಕೊನೆಯ ಪ್ರಶ್ನೆಗೆ ಉತ್ತರವಿರಲಿಲ್ಲ, ಯಾರೂ ಬರೆಯುತ್ತಿರಲಿಲ್ಲ. ಒಬ್ಬರು ಕುರ್ಚಿಯ ಬಗ್ಗೆಯೂ ಕೇಳಿದರು. ಎತ್ತರ ಸರಿಮಾಡುವ ಹಿಡಿ ಕೆಟ್ಟು ತಿಂಗಳುಗಳಾಗಿತ್ತು, ಪ್ರತಿ ಸಲ ಬಗ್ಗಿ ತಿರುಗಿಸಬೇಕಿತ್ತು. ನಗು ಬಂತು ನನಗೆ. ಅವರು ನಗಲಿಲ್ಲ, ಬರೆದುಕೊಂಡರು. ಹಾಟ್‌ಲೈನ್ ಬಂದಾಗ ನಾನು ಬಗ್ಗಿದ್ದೆ.

ಶಿಫಾರಸುಗಳಲ್ಲಿ ಎರಡು ನಮ್ಮ ಹಾಲ್‌ನಲ್ಲಿ ಈಗ ಗೋಡೆಗೆ ಅಂಟಿವೆ. ಸೀಟು ಬದಲಾಗುವ ಹೊತ್ತಿನಲ್ಲಿ ಪಕ್ಕದ ಸೆಕ್ಟರಿನ ಜೊತೆ ಆದ ಹೊಂದಾಣಿಕೆಯನ್ನು ಹೊಸದಾಗಿ ಕುಳಿತವರು ಬಾಯಿಬಿಟ್ಟು ತಿರುಗಿ ಹೇಳಬೇಕು. ಮಟ್ಟ ಬದಲಿಸಿದ ಸೆಕ್ಟರೇ ಪರದೆಯ ಅಂಕಿಯನ್ನೂ ಬದಲಿಸಿ, ಆಮೇಲೆ ವಿಮಾನವನ್ನು ಕಳಿಸಬೇಕು. ಕುರ್ಚಿಯೂ ಬಂತು, ಒಂದೇ ಒಂದು.

ನನ್ನ ಪಾಲಿಗೆ ಸಿಮ್ಯುಲೇಟರಿನಲ್ಲಿ ಮರುತರಬೇತಿ. ಬೋಧಕರು ಮೂರನೆಯ ದಿನ ಹೇಳದೆ ಕೇಳದೆ ನನ್ನದೇ ರಾತ್ರಿಯನ್ನು ಹಾಕಿಬಿಟ್ಟರು. ವಿಮಾನಗಳ ಹೆಸರು ಬೇರೆ, ದಾರಿ ಅದೇ. ಈ ಸಲ ಮೂರು ನಿಮಿಷ ಮೊದಲೇ ತಿರುಗಿಸಿದೆ, ಹದಿನಾಲ್ಕು ಮೈಲಿ ಬಿಟ್ಟೆ. ಇಷ್ಟೊಂದು ಬಿಡುವವರಿಗೆ ಆಕಾಶ ಸಾಲದು ಎಂದರು ಬೋಧಕರು. ಆಮೇಲೆ ನಿಜವಾದ ಚಾನೆಲ್‌ನಲ್ಲಿ, ಪಕ್ಕದಲ್ಲಿ ಇನ್ನೊಬ್ಬರು ಹೆಡ್‌ಸೆಟ್ ಸಿಕ್ಕಿಸಿಕೊಂಡು, ನನ್ನ ಮಾತನ್ನು ಯಾವಾಗ ಬೇಕಾದರೂ ಕತ್ತರಿಸುವ ಗುಂಡಿಯ ಮೇಲೆ ಬೆರಳಿಟ್ಟು ಕುಳಿತ ಹನ್ನೆರಡು ಪಾಳಿಗಳು. ಹನ್ನೊಂದು ವರ್ಷ ಕೆಲಸ ಮಾಡಿದವಳಿಗೆ ಮತ್ತೆ ಕಲಿಕೆಯವಳ ಪಟ್ಟಿ. ಮೊದಲ ದಿನ ಅವಮಾನವಾಯಿತು; ನಾಲ್ಕನೆಯ ದಿನದ ಹೊತ್ತಿಗೆ ಆ ಇನ್ನೊಂದು ಕಿವಿ ಪಕ್ಕದಲ್ಲಿರುವುದು ಹಿತವೆನಿಸತೊಡಗಿತು. ಪರೀಕ್ಷೆ ಪಾಸಾಯಿತು. ಸಹಿಯಾದ ಕಾಗದ ಬಂತು.

ನಲವತ್ತೆರಡನೆಯ ರಾತ್ರಿ ಒಬ್ಬಳೇ ಕುಳಿತೆ. ವೇಳಾಪಟ್ಟಿಯ ವಿಮಾನಗಳಿಗೆ ನಮ್ಮ ಮನಸ್ಸಿನ ಪರಿವೆಯಿಲ್ಲ. ದೊಡ್ಡದು ಅದೇ ಹೆಸರಿನಲ್ಲಿ, ಅದೇ ದಾರಿಯಲ್ಲಿ, ಐದು ನಿಮಿಷದ ಹೆಚ್ಚುಕಡಿಮೆಯಲ್ಲಿ ಅದೇ ಹೊತ್ತಿಗೆ ಬಂದು ಕರೆಯಿತು. ನಮಸ್ಕಾರ ಹೇಳಿ ಮಟ್ಟ ಹೇಳಿತು: ಮೂರು ನಾಲ್ಕು ಸೊನ್ನೆ. ಪರದೆಯಲ್ಲಿ 340, ಅದರ ಪಕ್ಕದಲ್ಲಿ 340, ಸ್ಟ್ರಿಪ್ಪಿನಲ್ಲಿ 340. ಮಟ್ಟ ಖಚಿತಪಡಿಸಿ ಎಂದು ಕೇಳಿದೆ. ಒಂದು ಕ್ಷಣ ಮೌನ. ಆಮೇಲೆ ಪೈಲಟ್, ತುಸು ಬೇಸರದಿಂದಲೇ, ಅಂಕಿಗಳನ್ನು ಬಿಡಿಬಿಡಿಯಾಗಿ ಮತ್ತೆ ಹೇಳಿದ. ಪ್ಲ್ಯಾನರ್ ಸರ್ ಪಕ್ಕದಿಂದ, ಯಾರೂ ಕೇಳದಿದ್ದರೂ, ‘ಮೂರು ನಾಲ್ಕು ಸೊನ್ನೆ’ ಎಂದರು.